ಹಿಂಬದಿಯ ಹೆಸರು

3 ಮಾರ್ಚ್ 1994

ಪ್ರೀತಿಯ ಅಕ್ಕನಿಗೆ,

ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯ ಚಾದರಗಳನ್ನೆಲ್ಲ ಒಗೆದು ಹಿಂಡಿದ ಮಹಾತಾಯಿಗೆ ನಿವೃತ್ತಿಯ ಮೊದಲ ವಾರ ಹೇಗಿದೆ? ಬೆಳಿಗ್ಗೆ ಐದಕ್ಕೆ ಎದ್ದು ಮನೆಯಲ್ಲಿ ಬಾಯ್ಲರ್ ಹುಡುಕುತ್ತಿಲ್ಲ ತಾನೇ?

ನಿನ್ನ ಬೀಳ್ಕೊಡುಗೆಗೆ ಬರಲಾಗಲಿಲ್ಲ. ಇದು ಬಹುಮಾನಗಳ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಟ್ರೋಫಿ. ಓಡಿ ಗೆದ್ದವರಿಗೆ, ಓಡದೆ ಗೆದ್ದವರಿಗೆ, ಎಲ್ಲರಿಗೂ ನಾನೇ ಹೆಸರು ಕೆತ್ತಬೇಕು. ಬೈಯುವುದಾದರೆ ಬೈದುಕೋ, ಆದರೆ ಮೊದಲು ಈ ಪೊಟ್ಟಣ ಬಿಚ್ಚು.

ಬಿಚ್ಚಿದೆಯಾ? ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಫ್ರೆಂಚ್ ಪದಕ ಹುಡುಕುತ್ತಿದ್ದೇನೆ. ಯುದ್ಧದವು ನನಗೆ, ದುಡಿದವರವು ನಿನಗೆ ಎಂದು ಹಂಚಿಕೊಂಡಿದ್ದೇವೆ. ನಿನ್ನ ಡ್ರಾಯರಿನ ಬಟ್ಟೆ ಜೇಬುಗಳಲ್ಲಿ ರೈಲ್ವೆಯವನು, ಬೆಂಕಿ ಆರಿಸುವವನು, ಮುಳುಗುವವರನ್ನು ಎಳೆದು ತಂದ ದೋಣಿಯವನು, ಎಲ್ಲ ಸೇರಿ ನಲವತ್ತಮೂರು ಜನ ಮಲಗಿದ್ದಾರೆ. ಆಸ್ಪತ್ರೆಯವರು ಮಾತ್ರ ಒಬ್ಬರೂ ಇರಲಿಲ್ಲ. ‘ಒಂದಾದ್ರೂ ಸಿಗ್ಲಿ ಕಣೋ’ ಅಂತ ನೀನು ಎಷ್ಟು ಸಲ ಹೇಳಿಲ್ಲ! ಇಗೋ ಸಿಕ್ಕಿತು. ಬಡವರ ಆಸ್ಪತ್ರೆ, ಅನಾಥಾಲಯಗಳಲ್ಲಿ ದುಡಿದವರಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಬೆಳ್ಳಿಯ ಗೌರವ ಪದಕ. ಗುಜರಿ ಅಜ್ಜನ ಡಬ್ಬಿಯ ತಳದಲ್ಲಿ ಗುಂಡಿಗಳ ಜೊತೆ ಬಿದ್ದಿತ್ತು. ಅದೃಷ್ಟ ನೋಡು, ಹಿಂಬದಿ ಖಾಲಿ. ಯಾರಿಗೂ ಕೊಡದೆ ಉಳಿದದ್ದಿರಬೇಕು.

ಈಗ ತಿರುಗಿಸಿ ನೋಡು. ಖಾಲಿ ಇಲ್ಲ. ನಿನ್ನ ಹೆಸರಿದೆ. ನನ್ನ ಕೈಯಾರೆ ಕೆತ್ತಿದ್ದೇನೆ. ಪದಕ ತೂಗುಹಾಕುವ ಬಟ್ಟೆಯ ಪಟ್ಟಿಯೂ ಹೊಸದು.

ನಿನಗೆ ಯಾರಾದರೂ ಒಂದು ಪದಕ ಕೊಡಲೇಬೇಕಿತ್ತು. ತಮ್ಮನೇ ಕೊಟ್ಟರೆ ಏನಾಯಿತು?

ನಿನ್ನ ತಮ್ಮ


11 ಮಾರ್ಚ್ 1994

ತಮ್ಮನಿಗೆ,

ಪದಕ ತಲುಪಿತು. ಮೈಯೆಲ್ಲ ಉರಿಯುತ್ತಿದೆ. ಉರಿ ಇಳಿಯಲಿ, ಆಮೇಲೆ ಬರೆಯೋಣ ಎಂದು ಮೂರು ದಿನ ಕಾದೆ. ಇಳಿಯಲಿಲ್ಲ.

ಖಾಲಿ ಇತ್ತು ಎಂದೆಯಲ್ಲ, ಯಾರಿಗೆ ಹೇಳುತ್ತೀಯೋ ಈ ಕಥೆ? ಕಿಟಕಿಯ ಪಕ್ಕ ಓರೆಯಾಗಿ ಹಿಡಿದರೆ ಸಾಕು, ಹಿಂಬದಿಯ ಚೌಕದಲ್ಲಿ ಹೆಬ್ಬೆರಳಿಗೆ ತಗ್ಗು ಸಿಗುತ್ತದೆ. ಎಲ್ಲ ಕಡೆ ನೂರು ವರ್ಷದ ಮಾಸಲು, ಆ ಚೌಕದಲ್ಲಿ ಮಾತ್ರ ಹೊಸ ಪಾತ್ರೆಯ ಹೊಳಪು. ನಿನ್ನ ಅಕ್ಷರಗಳ ಅಡಿಯಲ್ಲಿ ಬೇರೆ ಅಕ್ಷರಗಳ ಬೇರು ಇನ್ನೂ ಇದೆ. ಭೂತಗನ್ನಡಿ ಇಟ್ಟು ನೋಡಿದೆ. 1907 ಎಂದು ಓದಬಹುದು. ಹೆಸರಿನ ಕೊನೆಯ ಎರಡಕ್ಷರ ಓದಬಹುದು. ದಾದಿಯೋ, ನನ್ನ ಹಾಗೆ ಒಗೆಯುವವಳೋ, ಹೆಂಗಸೇ ಇರಬೇಕು. ಉಳಿದದ್ದನ್ನು ನೀನು ಕೆರೆದು ನೆಲಕ್ಕೆ ಉದುರಿಸಿದ್ದೀಯ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಹಳೆ ಪದಕವನ್ನು ಹುಣಸೆಹಣ್ಣಿನಿಂದ ಉಜ್ಜಬೇಡ, ಕಿಲುಬು ಹಿಡಿದರೂ ಹಿಡಿಯಲಿ ಎಂದು ನನಗೆ ಕಲಿಸಿದವನು ನೀನು! ದಂಡಿನವರ ಪದಕಕ್ಕೆ ಹೆಸರಿರುವುದಿಲ್ಲ, ಅದನ್ನು ಯಾರು ಬೇಕಾದರೂ ಎದೆಗೆ ಚುಚ್ಚಿಕೊಂಡು ತನ್ನದೆನ್ನಬಹುದು. ದುಡಿದವರ ಪದಕಕ್ಕೆ ಮಾತ್ರ ಹಿಂದೆ ಹೆಸರಿರುತ್ತದೆ. ಅದಕ್ಕಾಗಿಯೇ ನಾನು ಅವನ್ನು ಕೂಡಿಟ್ಟದ್ದು. ಆ ನಲವತ್ತಮೂರು ಜನರ ಹೆಸರನ್ನು ನಿಘಂಟು ಇಟ್ಟುಕೊಂಡು ಓದಿ ಚೀಟಿ ಬರೆದಿದ್ದೇನೆ. ನೀನು ಆಸ್ಪತ್ರೆಯ ಒಬ್ಬಳನ್ನು ಹುಡುಕಿ ತಂದು, ಅವಳನ್ನು ಕೆರೆದು ಹಾಕಿ, ಆ ಜಾಗದಲ್ಲಿ ನನ್ನನ್ನು ಕೂರಿಸಿದ್ದೀಯ. ಇನ್ನೊಬ್ಬಳ ಹಾಸಿಗೆಯಲ್ಲಿ ಬಿಸಿ ಆರುವ ಮೊದಲೇ ಮಲಗಿಸಿದ ಹಾಗಾಗಿದೆ ನನಗೆ.

ಬೀಳ್ಕೊಡುಗೆ ಎಂದೆ. ಯಾವ ಬೀಳ್ಕೊಡುಗೆ? ಏಪ್ರನ್ ಎರಡು, ಬೀಗದ ಕೈ ಐದು, ಎಣಿಸಿಕೊಂಡು ಸಹಿ ಹಾಕಿಸಿಕೊಂಡರು. ಅಷ್ಟೇ.

ಕೆತ್ತುವವನು ಕೆರೆಯುವ ಮೊದಲು ಓದಿಯೇ ಓದಿರುತ್ತಾನೆ. ಅವಳ ಹೆಸರೇನು? ಇದೊಂದಕ್ಕೆ ಉತ್ತರ ಬೇಕು.

ಅಕ್ಕ


29 ಮಾರ್ಚ್ 1994

ಅಕ್ಕನಿಗೆ,

ಉಡುಗೊರೆ ಕೊಟ್ಟವನಿಗೆ ಇಂಥ ಉತ್ತರ ಬರುತ್ತದೆ ಎಂದು ಗೊತ್ತಿದ್ದರೆ ನಿನಗೂ ಒಂದು ಥರ್ಮಾಸ್ ಫ್ಲಾಸ್ಕ್ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಹೌದು, ಸುಳ್ಳು ಹೇಳಿದೆ. ಹೆಸರಿತ್ತು. ಹಳೆಯ ಅಕ್ಷರ ತೆಗೆಯುವ ಮುನ್ನ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವುದು ನನ್ನ ಅಭ್ಯಾಸ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ನೋಡಿ ಕಣ್ಣು ತಂಪು ಮಾಡಿಕೋ.

ಓದಿದೆಯಾ? ಮೊದಲು ಮೂರು ಅಕ್ಷರ, ‘ವಿಧವೆ’ ಎಂಬುದರ ಮೊಟಕು. ಆಮೇಲೆ ಗಂಡನ ಮನೆತನದ ಹೆಸರು. ಮುಗಿಯಿತು. ಅವಳದು ಅಂತ ಒಂದಕ್ಷರವೂ ಇಲ್ಲ. ಇಂಥವನ ವಿಧವೆ ಎಂದು ಬರೆದರೆ ಅದು ಹೆಸರೇ? ನಾನು ಅಳಿಸಿದ್ದು ಯಾವನೋ ಸತ್ತ ಗಂಡನನ್ನು. ಅದರ ಜಾಗದಲ್ಲಿ ಹಾಕಿದ್ದು ನಿನ್ನ ಸ್ವಂತ ಹೆಸರನ್ನು, ಅಪ್ಪ ಇಟ್ಟದ್ದನ್ನು. ಇದರಲ್ಲಿ ಯಾವ ಕೊಲೆಯಾಗಿದೆ ಹೇಳು.

ನಿನಗೆ ಸತ್ತವರೆಂದರೆ ಕರುಣೆ ಉಕ್ಕುತ್ತದೆ. ದೂರದ ದೇಶದ ರೈಲ್ವೆಯವನಿಗೆ ಚೀಟಿ ಬರೆದು ಬಟ್ಟೆಯ ಜೇಬು ಹೊಲಿಯುತ್ತೀಯ. ಬದುಕಿರುವ ತಮ್ಮನ ಕೈ ಹೇಗಿದೆ ಎಂದು ಒಮ್ಮೆಯಾದರೂ ಕೇಳಿದ್ದೀಯಾ? ಬಲಗೈಯ ಎರಡು ಬೆರಳು ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಡಚುವುದಿಲ್ಲ. ಆ ಕೈಯಲ್ಲೇ ಒಂದು ವಾರ ಕೂತು ನಿನ್ನ ಹೆಸರು ಕೆತ್ತಿದೆ.

ಪದಕ ಬೇಡವಾದರೆ ವಾಪಸ್ ಕಳಿಸು.

ತಮ್ಮ


6 ಏಪ್ರಿಲ್ 1994

ತಮ್ಮನಿಗೆ,

ಕೈಗೆ ಬಿಸಿನೀರಿನ ಶಾಖ ಕೊಡು, ದಿನಕ್ಕೆ ಎರಡು ಸಲ. ಕೇಳಲಿಲ್ಲ ಎಂದೆಯಲ್ಲ, ಈಗ ಕೇಳಿದ್ದೇನೆ. ಇದರಿಂದ ನನ್ನ ಸಿಟ್ಟು ಕಡಿಮೆಯಾಯಿತು ಎಂದುಕೊಳ್ಳಬೇಡ.

ಅಚ್ಚು ನೋಡಿದೆ. ಅದು ಅವಳ ಹೆಸರಲ್ಲ ಎನ್ನುತ್ತೀಯ. ಇರಬಹುದು. ಆದರೆ ಜಗತ್ತು ಅವಳಿಗೆ ಕೊಟ್ಟದ್ದು ಅಷ್ಟೇ. ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ಆಸ್ಪತ್ರೆ ಸೇರಿ, ಎಷ್ಟು ವರ್ಷವೋ ಕತ್ತೆಯ ಹಾಗೆ ದುಡಿದು, ಕೊನೆಗೆ ಸಿಕ್ಕಿದ್ದು ಅಂಗೈಯಗಲದ ಬೆಳ್ಳಿಯಲ್ಲಿ ಅರೆ ಹೆಸರು. ಅರೆ ಹೆಸರು ತಾನೇ, ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅದನ್ನೂ ಕಿತ್ತುಕೊಂಡವನು ನೀನು. ಇದ್ದವರಿಂದ ಕದ್ದರೆ ಒಂದು ಮಾತು. ನೀನು ಇಲ್ಲದವಳಿಂದ ಕದ್ದೆ.

ಪದಕ ವಾಪಸ್ ಕಳಿಸುವುದಿಲ್ಲ. ಕಳಿಸಿದರೆ ಅದರ ಮೇಲೆ ಇನ್ನೇನು ಕೆರೆಯುತ್ತೀಯೋ.

ಒಂದು ಮಾತು ನನಗೆ ಅರ್ಥವಾಗುತ್ತಿಲ್ಲ. ಇಪ್ಪತ್ತೆರಡು ವರ್ಷ ಒಂದು ಪದಕಕ್ಕೂ ಉಗುರು ತಾಗಿಸದವನ ಕೈ ಈಗ ಯಾಕೆ ತುರಿಸಿತು? ಬೀಳ್ಕೊಡುಗೆಗೆ ಬರದೆ, ಒಂದು ವಾರ ಅಂಗಡಿ ಕೆಲಸ ಬಿಟ್ಟು, ಅಷ್ಟು ಅವಸರದಲ್ಲಿ ಯಾಕೆ ಕೆತ್ತಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕಾಣುತ್ತೀಯ.

ಇನ್ನು ಮೇಲೆ ಯಾವ ಪದಕವನ್ನೂ ಕಳಿಸಬೇಡ.

ಅಕ್ಕ


19 ಜೂನ್ 1994

ಕೆತ್ತನೆ ಅಂಗಡಿಯ ಮಾಲೀಕರಿಗೆ,

ತಾವು ಕ್ಷೇಮವಾಗಿರಬಹುದು. ಎರಡೂವರೆ ತಿಂಗಳು ತಾವು ಯಾಕೆ ಬರೆಯಲಿಲ್ಲ ಎಂಬುದು ಮೊನ್ನೆ ತಿಳಿಯಿತು.

ಒಂದು ಕಾಗದಕ್ಕೆ ಸಹಿ ಹಾಕಲು ಆಸ್ಪತ್ರೆಗೆ ಹೋಗಿದ್ದೆ. ಲಾಂಡ್ರಿಯ ಮುಂದಿನ ಓಣಿಗೆ ಹೊಸ ಬಣ್ಣ ಬಳಿದಿದ್ದಾರೆ. ಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕ. ‘ಬಟ್ಟೆ ವಿಭಾಗದ ಮೂವತ್ತು ವರ್ಷಗಳ ನಿಷ್ಕಳಂಕ ಸೇವೆಯ ಗೌರವಾರ್ಥ’ ಎಂದು ಮೇಲೆ. ಕೆಳಗೆ ಮ್ಯಾನೇಜರರ ಹೆಸರು, ಹುದ್ದೆ. ಆ ಮನುಷ್ಯ ಬಂದು ನಾಲ್ಕು ವರ್ಷವಾಯಿತು. ಮೂಗಿಗೆ ಕರವಸ್ತ್ರ ಹಿಡಿಯದೆ ಲಾಂಡ್ರಿಯ ಒಳಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಅದಕ್ಕೂ ನಾನು ಇಷ್ಟು ಕುದಿಯುತ್ತಿರಲಿಲ್ಲ. ದೊಡ್ಡವರು ದೊಡ್ಡವರಿಗೆ ಕೊಟ್ಟುಕೊಳ್ಳುತ್ತಾರೆ, ಹೊಸದೇನಲ್ಲ. ಆದರೆ ಆ ಅಕ್ಷರ ನೋಡಿದೆ. ಗೆರೆಯ ಕೊನೆಯಲ್ಲಿ ಉಳಿ ಎತ್ತುವಾಗ ಕೆತ್ತಿದವನ ಕೈ ಕೂದಲೆಳೆಯಷ್ಟು ಬಲಕ್ಕೆ ಜಾರಿದೆ. ಆ ಜಾರುವ ಕೈಯನ್ನು ಸ್ಲೇಟಿನ ಮೇಲೆ ಹಿಡಿದು ತಿದ್ದಿಸಿದವಳು ನಾನು. ಪದಕದ ಹಿಂದಿನ ನನ್ನ ಹೆಸರಿನಲ್ಲೂ ಅದೇ ಜಾರು.

ಎಷ್ಟು ಹೊತ್ತು ನಿಂತಿದ್ದೆನೋ. ಲಾಂಡ್ರಿಯಲ್ಲಿ ನಾವೆಲ್ಲ ಇಸ್ತ್ರಿ ಚಿಕ್ಕಮ್ಮ ಎನ್ನುವವಳು ಬಂದು ಭುಜ ಮುಟ್ಟಿ, ‘ಏನ್ ನೋಡ್ತಿದ್ದೀಯಮ್ಮಾ, ಅದನ್ನ ಒರೆಸೋ ಕೆಲ್ಸಾನೂ ನಮ್ಗೇ ಹೇಳವ್ರೆ’ ಎಂದಳು. ಆಗ ಎಚ್ಚರವಾಯಿತು.

ಅಲ್ಲಿ ಅವನ ಹೆಸರು ಕೆತ್ತಿ ಮುಗಿಸಿ, ಉಳಿ ಒರೆಸಿ, ಇಲ್ಲಿ ನನ್ನ ಹೆಸರು ಕೆತ್ತಿದಿರಿ. ನನಗೆ ಬಂದದ್ದು ಗೌರವವಲ್ಲ, ನಿಮ್ಮ ಪಾಪಕ್ಕೆ ಪರಿಹಾರ. ಅದಕ್ಕೆ ಒಬ್ಬ ಸತ್ತ ಹೆಂಗಸಿನ ಹೆಸರು ಖರ್ಚಾಯಿತು. ತಮ್ಮ ಕೈಗೆ ಒಳ್ಳೆಯ ಬೇಡಿಕೆ ಇರಲಿ.

ಲಾಂಡ್ರಿಯ ಮಾಜಿ ಮೇಸ್ತ್ರಿ


2 ಜುಲೈ 1994

ಅಕ್ಕಾ,

ಏಕವಚನದಲ್ಲೇ ಬೈ. ಆ ‘ತಾವು’ ನನಗೆ ಸೇರುವುದಿಲ್ಲ.

ಆಸ್ಪತ್ರೆಯ ಮುಖ್ಯ ಕಚೇರಿ ಇರುವುದು ನಮ್ಮ ಊರಿನಲ್ಲಿ ಎಂದು ನಿನಗೆ ಗೊತ್ತು. ಅವರ ಬಾಗಿಲ ಫಲಕಗಳೆಲ್ಲ ನನ್ನವೇ. ಜನವರಿಯಲ್ಲಿ ಚೀಟಿ ಬಂತು. ‘ಬಟ್ಟೆ ವಿಭಾಗ, ಮೂವತ್ತು ವರ್ಷ’ ಎಂದು ಮೊದಲ ಸಾಲು ಓದಿದೆ. ನಿನ್ನ ಹೆಸರೇ ಇರುತ್ತದೆ ಎಂದುಕೊಂಡು ಹೆಂಡತಿಯನ್ನು ಕೂಗಿದೆ. ಎರಡನೆಯ ಸಾಲು ಅವಳೇ ಓದಿದಳು.

ಚೀಟಿ ಎರಡು ದಿನ ಮೇಜಿನ ಮೇಲಿತ್ತು. ಕಚೇರಿಗೆ ಹೋಗಿ ‘ಇದು ತಪ್ಪಾಗಿದೆ ಸಾರ್’ ಎನ್ನಬೇಕಿತ್ತು. ಬಾಗಿಲವರೆಗೆ ಹೋಗಿ ಬಂದೆ. ಮೂರನೆಯ ದಿನ ಕೆತ್ತಿದೆ. ಕೊಟ್ಟದ್ದನ್ನು ಕೆತ್ತುವುದು ನನ್ನ ಕಸುಬು, ಚೀಟಿಯಲ್ಲಿ ಸುಳ್ಳಿದ್ದರೆ ಅದು ಬರೆದವನದು ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಊಟದ ಹೊತ್ತಿನವರೆಗೂ ಉಳಿಯಲಿಲ್ಲ. ಬೀಳ್ಕೊಡುಗೆಗೆ ಬರದಿದ್ದದ್ದು ಇದಕ್ಕೇ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ ನನ್ನ ಸಿಟ್ಟನ್ನೂ ಕೇಳು. ನಿನಗೆ ಮೊದಲೇ ಹೇಳಿದ್ದರೆ ನೀನೇನು ಮಾಡುತ್ತಿದ್ದೆ? ‘ಹೋಗ್ಲಿ ಬಿಡೋ’ ಎನ್ನುತ್ತಿದ್ದೆ. ಮೂವತ್ತೊಂದು ವರ್ಷ ಹಾಗೇ ಎಂದವಳು. ಯಾವ ಮ್ಯಾನೇಜರಿಗೂ ಒಂದು ಮಾತು ತಿರುಗಿ ಹೇಳದೆ ತಲೆ ತಗ್ಗಿಸಿ ಚಾದರ ಮಡಿಕೆ ಹಾಕಿದೆ. ಅವರ ಮುಂದೆ ಆಡದ ಮಾತನ್ನೆಲ್ಲ ಈಗ ನನ್ನ ಮೇಲೆ ಸುರಿಯುತ್ತಿದ್ದೀಯ, ತಮ್ಮನಾದರೆ ಎದುರಾಡುವುದಿಲ್ಲ ಎಂದು. ನಾನು ಹೇಡಿ, ಒಪ್ಪಿದೆ. ನೀನು ಯಾವ ಶೂರಳು?

ತಮ್ಮ


14 ಜುಲೈ 1994

ತಮ್ಮಾ,

ಒಂದೇ ಸಲ ಬಾಯಿ ಬಿಟ್ಟಿದ್ದೆ. ನಿನಗೆ ನೆನಪಿಲ್ಲ. ನೆನಪಿಸುತ್ತೇನೆ.

1981. ಚಾದರಗಳನ್ನು ಒಣಗಿಸುವ ಬಿಸಿ ಉರುಳೆಗೆ ಕೈ ಸಿಗದಂತೆ ಹಾಕಿದ್ದ ತಡೆ ಮುರಿದು ಮೂರು ತಿಂಗಳಾಗಿತ್ತು. ಇಸ್ತ್ರಿ ಚಿಕ್ಕಮ್ಮನ ಎರಡು ಬೆರಳು ಅದರೊಳಗೆ ಹೋದವು. ಅವಳ ಕೂಗು ಬಾಯ್ಲರ್ ಸದ್ದನ್ನು ಮೀರಿ ಕೇಳಿಸಿತು. ಆ ಸಂಜೆ ನಾನು ಒಂದು ಹಾಳೆಯಲ್ಲಿ ಎಲ್ಲ ಬರೆದು ಆಗಿನ ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಓದಿದರು, ನಾಲ್ಕಾಗಿ ಹರಿದರು. ‘ಹೆಂಗಸ್ರು ಗಮನ ಇಟ್ಟು ಕೆಲ್ಸ ಮಾಡ್ಬೇಕಮ್ಮಾ. ನಿಂಗೂ ಕೆಲ್ಸ ಬೇಕಲ್ವಾ?’ ಎಂದರು.

ಅಂದು ರಾತ್ರಿಯೇ ನಿನಗೆ ನಾಲ್ಕು ಪುಟ ಬರೆದೆ. ನನ್ನವನು ಅಂತ ಇದ್ದದ್ದು ನೀನೊಬ್ಬನೇ. ಹತ್ತು ದಿನಕ್ಕೆ ನಿನ್ನ ಉತ್ತರ ಬಂತು. ಕತ್ತಿ ಅಡ್ಡವಿಟ್ಟ ಶಿಲುಬೆ ಪದಕ ಸಿಕ್ಕಿದೆ, ಪಟ್ಟಿಯ ಮೇಲೆ ಕಂಚಿನ ತಾಳೆಗರಿಯೂ ಇದೆ, ಅಂಥ ಗರಿ ಸಿಗುವುದು ಎಷ್ಟು ಅಪರೂಪ ಎಂದು ಎರಡು ಪುಟ. ಕೊನೆಗೆ ‘ನಿನ್ನ ಪತ್ರ ತಲುಪಿತು’ ಎಂದು ಒಂದು ಸಾಲು. ಅಂದೇ ನಾನು ಬಾಯಿ ಮುಚ್ಚಿದ್ದು. ಆಮೇಲೆ ನಿನಗೆ ಬರೆದ ಯಾವ ಪತ್ರದಲ್ಲೂ ನನ್ನ ಸಂಕಟ ಬರೆದಿಲ್ಲ. ಹಗುರ ಸುದ್ದಿ ಬರೆದೆ, ಪದಕದ ಸುದ್ದಿ ಬರೆದೆ. ನೀನು ಅದನ್ನು ಸುಖ ಎಂದು ಓದಿಕೊಂಡೆ.

ಆ ಫಲಕ ಗೋಡೆಯ ಮೇಲಿರುವವರೆಗೆ ನನಗೆ ತಮ್ಮನಿಲ್ಲ. ಉತ್ತರ ಬರೆಯುವ ಕಷ್ಟ ತೆಗೆದುಕೊಳ್ಳಬೇಡ.

ಅಕ್ಕ


30 ಆಗಸ್ಟ್ 1994

ಅಕ್ಕಾ,

ಬೇಡ ಎಂದರೂ ಬರೆಯುತ್ತಿದ್ದೇನೆ.

ನಿನ್ನ ಪತ್ರ ಬಂದ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಇಪ್ಪತ್ತೆರಡು ವರ್ಷದ ನಿನ್ನ ಪತ್ರಗಳು ಅದರಲ್ಲಿವೆ. ಇಟ್ಟಿದ್ದೆ, ಆದರೆ ಪದಕದ ಭಾಗ ಮಾತ್ರ ಓದುತ್ತಿದ್ದೆ ಎಂದು ಈಗ ಗೊತ್ತಾಯಿತು. ಈ ಸಲ ಎಲ್ಲ ಓದಿದೆ. 1981ರ ನಾಲ್ಕು ಪುಟವನ್ನೂ ಓದಿದೆ. ಅದರ ಬಗ್ಗೆ ಏನು ಬರೆದರೂ ನೀನು ಹರಿದು ಹಾಕುತ್ತೀಯ, ಆದ್ದರಿಂದ ಬರೆಯುವುದಿಲ್ಲ.

ಓದುತ್ತಾ ಹೋದಂತೆ ಲಾಂಡ್ರಿಯ ಹೆಂಗಸರ ಹೆಸರುಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಹಾಡಿಕೊಂಡು ಹಿಂಡುವವಳು, ಒಗೆಯುವ ಸೋಡಾಕ್ಕೆ ಕೈ ಸುಟ್ಟುಕೊಂಡವಳು, ಮಗಳ ಮದುವೆಯ ಮಾರನೆಯ ದಿನವೇ ಕೆಲಸಕ್ಕೆ ಬಂದವಳು. ನಿನ್ನನ್ನೂ ಸೇರಿಸಿ ಹನ್ನೊಂದು.

ಕಳೆದ ಮಂಗಳವಾರ ನಿಮ್ಮ ಊರಿಗೆ ಬಂದೆ. ಕಾವಲಿನವನಿಗೆ ‘ಫಲಕಕ್ಕೆ ಹೊಳಪು ಹಾಕಿ ನಾಳೆ ತಂದು ಹಾಕ್ತೀನಿ’ ಎಂದೆ. ಕೆತ್ತಿದವನೇ ಬಂದು ಕೇಳಿದರೆ ಯಾರು ಬೇಡ ಎನ್ನುತ್ತಾರೆ? ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೂತೆ. ಏನನ್ನೂ ಕೆರೆಯಲಿಲ್ಲ ಅಕ್ಕಾ. ಮ್ಯಾನೇಜರರ ಹೆಸರು ಹಾಗೇ ಇದೆ. ಅದರ ಪಕ್ಕದಲ್ಲಿ ‘1990ರಲ್ಲಿ ಬಂದವರು’ ಎಂದು ಸೇರಿಸಿದೆ. ಅದು ಸತ್ಯ ತಾನೇ? ಕೆಳಗೆ ಹನ್ನೊಂದು ಹೆಸರು, ನಿನ್ನದು ಮೊದಲು. ಬೆರಳು ಮಡಚದಿದ್ದಾಗ ಬಿಸಿನೀರಿನಲ್ಲಿ ಅದ್ದಿ ಅದ್ದಿ ಕೆತ್ತಿದೆ. ಬುಧವಾರ ಮಧ್ಯಾಹ್ನ ಎಲ್ಲರ ಎದುರೇ ಗೋಡೆಗೆ ಕೂರಿಸಿ, ಬಿಚ್ಚಲಾಗದಂತೆ ತಿರುಪುಗಳ ತಲೆ ಸವೆಸಿದೆ.

ಮ್ಯಾನೇಜರು ಓಡಿ ಬಂದರು. ‘ಏನ್ರೀ ಇದು? ಯಾರ್ ಹೇಳಿದ್ರು ನಿಮ್ಗೆ?’

‘ಯಾರೂ ಹೇಳ್ಲಿಲ್ಲ ಸಾರ್. ಬಿಟ್ಟುಹೋಗಿತ್ತು, ಸೇರ್ಸಿದೆ.’

‘ಇನ್ಮೇಲೆ ನಮ್ಮ ಒಂದು ಬೋರ್ಡೂ ನಿಮ್ಗೆ ಬರಲ್ಲ, ತಿಳ್ಕೊಳ್ಳಿ!’

‘ಒಳ್ಳೇದು ಸಾರ್’ ಎಂದೆ. ಉಳಿಯನ್ನು ಚೀಲಕ್ಕೆ ಹಾಕಿಕೊಂಡೆ. ಮುಖ್ಯ ಕಚೇರಿಯಿಂದ ಕಾಗದವೂ ಬಂತು, ಕೆಲಸ ನಿಲ್ಲಿಸಿದ್ದಾರೆ. ಹೆಂಡತಿ ಎರಡು ದಿನ ಅಂಗಡಿಯ ಲೆಕ್ಕದ ಪುಸ್ತಕ ತಿರುವಿದಳು. ಮೂರನೆಯ ದಿನ ‘ಜನವರೀಲೇ ಮಾಡಿದ್ರೆ ಇಷ್ಟು ಸುತ್ತು ತಪ್ತಿತ್ತು’ ಎಂದಳು.

ತಮ್ಮನೆಂದು ಕರೆ ಎಂದು ಕೇಳುತ್ತಿಲ್ಲ. ಹೋಗಿ ಒಮ್ಮೆ ನೋಡು.

ಅಂಗಡಿಯವನು


12 ಸೆಪ್ಟೆಂಬರ್ 1994

ತಮ್ಮಾ,

ಎರಡು ದಿನ ಈ ಊರಿನಲ್ಲಿದ್ದು, ಲಾಡ್ಜಿನಲ್ಲಿ ಮಲಗಿ, ಅಕ್ಕನ ಮನೆಗೆ ಬರದೆ ಹೋದೆಯಲ್ಲ, ಇದಕ್ಕೆ ಬೇರೆಯೇ ಬೈಗುಳವಿದೆ. ಎದುರಿಗೆ ಬಂದಾಗ ಕೊಡುತ್ತೇನೆ.

ನೋಡಿ ಬಂದೆ. ಮ್ಯಾನೇಜರು ಫಲಕದ ಎದುರಿಗೆ ಚಾದರದ ಬೀರು ತಳ್ಳಿಸಿದ್ದಾರೆ. ತಳ್ಳಿಸಿ ಏನು ಪ್ರಯೋಜನ? ಆಸ್ಪತ್ರೆಯಲ್ಲಿ ಬೀರು ತಳ್ಳುವವರು ಯಾರು? ಲಾಂಡ್ರಿಯ ಹೆಂಗಸರೇ. ಮ್ಯಾನೇಜರು ಆ ಕಡೆ ಹೋದ ಕೂಡಲೇ ಬೀರು ಈ ಕಡೆ ಬರುತ್ತದೆ. ಇಸ್ತ್ರಿ ಚಿಕ್ಕಮ್ಮ ಉಳಿದ ಮೂರು ಬೆರಳಿನಿಂದ ತನ್ನ ಹೆಸರು ತಡವಿ, ‘ಇಷ್ಟ್ ಉದ್ದ ಇದ್ಯಾ ನನ್ ಹೆಸ್ರು!’ ಎಂದಳು.

ಪದಕ ನಲವತ್ತನಾಲ್ಕನೆಯ ಜೇಬಿನಲ್ಲಿದೆ, ನೀನು ಕಳಿಸಿದ ಅಚ್ಚಿನ ಜೊತೆ. ಚೀಟಿಯಲ್ಲಿ ಮೊದಲು ಅವಳ ಅರೆ ಹೆಸರು, 1907 ಎಂದು ಬರೆದಿದ್ದೇನೆ. ಅದರ ಕೆಳಗೆ, ಇದನ್ನು ಕೆರೆದವನು ನನ್ನ ತಮ್ಮ ಎಂದೂ ಬರೆದಿದ್ದೇನೆ. ಅದನ್ನು ತೆಗೆಯುವುದಿಲ್ಲ.

ಈಗ ಕೆಲಸದ ಮಾತು. ನೀನು ಹನ್ನೊಂದು ಕೆತ್ತಿದ್ದೀಯ. ನಾವಿದ್ದದ್ದು ಹದಿನಾಲ್ಕು ಜನ. ನಿನ್ನ ಮೇಲೆ ಹರಿಹಾಯಲು ಪೆನ್ನು ಎತ್ತಿದವಳು ಕೆಳಗಿಟ್ಟೆ. ನೀನು ನನ್ನ ಪತ್ರಗಳಿಂದ ಎತ್ತಿಕೊಂಡದ್ದು. ಪತ್ರದಲ್ಲಿ ನಾನು ಬರೆಯದವರು ನಿನಗೆ ಹೇಗೆ ಸಿಗಬೇಕು?

ಒಬ್ಬಳು ಎಂಟು ತಿಂಗಳಷ್ಟೇ ಇದ್ದಳು, ಮರೆತೆ. ಇನ್ನೊಬ್ಬಳ ಜೊತೆ ಕಿಟಕಿ ತೆರೆಯುವ ವಿಷಯಕ್ಕೆ ಜಗಳವಾಡಿ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಮಾತು ಬಿಟ್ಟವಳ ಹೆಸರು ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮೂರನೆಯವಳನ್ನು ನಾನು ಮರೆತಿರಲಿಲ್ಲ. ಹದಿನಾರು ವರ್ಷ ದುಡಿದವಳು. ಚಿಂದಿಗೆ ಹಾಕಿದ್ದ ಎರಡು ಹರಕು ಚಾದರವನ್ನು ಹಾಸಿಗೆ ಹಿಡಿದಿದ್ದ ತಾಯಿಗೆ ಹಾಸಲು ಮನೆಗೆ ಒಯ್ದಳು. ಎಣಿಕೆಯಲ್ಲಿ ಎರಡು ಕಡಿಮೆ ಬಂತು. ‘ಅಕ್ಕಾ, ಹೇಗಾದ್ರೂ ಸರಿ ಮಾಡು’ ಎಂದು ನನ್ನ ಕೈ ಹಿಡಿದಳು. ನಾನು ಮೇಸ್ತ್ರಿ. ನಿಯಮ ಎಂದರೆ ನಿಯಮ ಎಂದು ಪುಸ್ತಕದಲ್ಲಿ ಅವಳ ಹೆಸರು ಬರೆದೆ. ಮಾರನೆಯ ದಿನ ಅವಳನ್ನು ಗೇಟಿನ ಹೊರಗೆ ಕಳಿಸಿದರು. ನಿನ್ನನ್ನು ಆರು ತಿಂಗಳಿಂದ ಯಾವ ಬಾಯಿಯಲ್ಲಿ ಬೈಯುತ್ತಿದ್ದೇನೋ, ಆ ಬಾಯಿ ಅಂದು ಇರಲಿಲ್ಲ.

ನಿನ್ನೆ ಅವಳನ್ನು ಹುಡುಕಿಕೊಂಡು ಹೋದೆ. ಈಗ ಒಂದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ನನ್ನನ್ನು ಕಂಡ ಕೂಡಲೇ ಮುಖದ ಮೇಲೆ ಬಾಗಿಲು ಹಾಕಿದಳು. ಸರಿಯಾಗಿಯೇ ಮಾಡಿದಳು. ಹೊರಗೆ ನಿಂತೇ ಎಲ್ಲ ಹೇಳಿ, ‘ನಿನ್ ಹೆಸ್ರೂ ಹಾಕ್ಸ್ಲಾ?’ ಎಂದು ಕೇಳಿದೆ. ಒಳಗೆ ಗುಂಡಿಯ ಡಬ್ಬಿ ಮುಚ್ಚಿದ ಸದ್ದಾಯಿತು. ಆಮೇಲೆ ಒಳಗಿಂದಲೇ, ‘ಹಾಕ್ಸು. ಹದಿನಾರ್ ವರ್ಷ ಮಾಡಿದೀನಿ. ಆದ್ರೆ ನಿನ್ ಹೆಸ್ರಿನ್ ಪಕ್ಕ ಬೇಡ’ ಎಂದಳು.

ಮೂರು ಹೆಸರನ್ನೂ ಬೇರೆ ಕಾಗದದಲ್ಲಿ ಬರೆದಿಟ್ಟಿದ್ದೇನೆ. ಶನಿವಾರ ಬಾ, ನೇರ ಮನೆಗೆ ಬಾ. ಮ್ಯಾನೇಜರು ಅಡ್ಡ ಬಂದರೆ ನೀನು ತಲೆ ಎತ್ತದೆ ಕೆತ್ತುತ್ತಿರು, ಮಾತಾಡುವುದು ನನಗಿರಲಿ. ನಮ್ಮ ಹೆಸರುಗಳ ಸಾಲಿನಲ್ಲಿ ನನ್ನದು ಮೇಲಿನ ಎಡ ಮೂಲೆಯಲ್ಲಿದೆ. ಅವಳದನ್ನು ಕೆಳಗಿನ ಬಲ ಮೂಲೆಯಲ್ಲಿ ಹಾಕು. ಅದಕ್ಕಿಂತ ದೂರ ಆ ಫಲಕದಲ್ಲಿ ಜಾಗವಿಲ್ಲ.

ಅಕ್ಕ